ಹುಣ್ಣಿಮೆಯ ಆಟಕ್ಕೆ ಬರಬೇಡ ಎಂದವನು

"ದಾಳ ಬಟ್ಟಲಿಂದ ಆಚೆ ಬಿತ್ತು. ನಿಮ್ಮ ಸರದಿ ಹೋಯ್ತು!"

ಮಿಲಾಗ್ರೋಸ್ ಸಿಟ್ಟಿನಿಂದ ತಲೆಯೆತ್ತಿದಳು. ಚೀನೀ ಮೂಲದವರ ಬಿನೊಂಡೋ ಪೇಟೆಯ ಬೇಕರಿಯಲ್ಲಿ ಅವರ ಶರತ್ ಹುಣ್ಣಿಮೆ ಹಬ್ಬದ ದಾಳದಾಟ. ಎದುರಿಗೆ ನಿಂತವನು ಬೇಕರಿ ಮಾಲೀಕರ ಮಗ ಹೆಂಡ್ರಿಕ್. ಪಕ್ಕದ ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಇವಳಿಗೆ ಅವನ ಗತ್ತು ಹಿಡಿಸಲಿಲ್ಲ.

"ನಮ್ಮನೇಲಿ ಇನ್ನೊಂದ್ಸಲ ಹಾಕೋಕೆ ಬಿಡ್ತಾರೆ ರೀ!"

"ನಿಮ್ಮನೇಲೂ ಈ ಆಟ ಆಡ್ತೀರಾ?"

"ಯಾಕೆ, ಚಂದ್ರ ಚೀನಾದವರಿಗೆ ಮಾತ್ರ ಕಾಣಿಸ್ತಾನಾ? ನಮ್ಮ ತೊಂಡೋ ಓಣಿ ಪೂರ್ತಿ ಆಡುತ್ತೆ. ನಿಮ್ಮ ಹಬ್ಬದ ಸಿಹಿ ಮೂನ್‌ಕೇಕ್ ಬದಲು ಸೋಪು, ಸಾರ್ಡೀನ್ ಮೀನಿನ ಡಬ್ಬಿ ಬಹುಮಾನ!"

ಅವನು ನಕ್ಕುಬಿಟ್ಟ. ಆ ನಗು... ಅಬ್ಬಾ! ಅವಳ ಸಿಟ್ಟು ಎಲ್ಲಿ ಹೋಯಿತೋ!

ಆಮೇಲೆ ಅವನ ಅಂಗಿಗಳ ಗುಂಡಿಗಳು ವಾರಕ್ಕೊಂದರಂತೆ ಕಿತ್ತುಬರತೊಡಗಿದವು. ಹೊಲಿದುಕೊಟ್ಟವಳ ಮನಸ್ಸೂ ಅವನ ಹಿಂದೆಯೇ ಹೋಯಿತು.

ಮರುವರ್ಷ ಹಬ್ಬಕ್ಕೆ ಎರಡು ವಾರ ಇರುವಾಗ ಅವನು ತಲೆ ತಗ್ಗಿಸಿ ಹೇಳಿದ, "ಮಿಲಾ... ಈ ಸಲ ನಮ್ಮ ಆಟಕ್ಕೆ ಬರಬೇಡ."

"ಯಾಕೆ?"

"ಈಗ ಕೇಳಬೇಡ."

'ಆ ಮನೆಗೆ ಚೀನೀ ಸೊಸೆಯೇ ಬರೋದು' ಎಂದು ಬೀದಿಯೆಲ್ಲ ಆಡಿಕೊಳ್ಳುವುದು ಸುಳ್ಳಲ್ಲ ಹಾಗಾದರೆ! ಹಬ್ಬಕ್ಕೆಂದು ಹೊಲಿದಿದ್ದ ಕೆಂಪು ಉಡುಪನ್ನು ಅವಳು ಪೆಟ್ಟಿಗೆಯ ತಳಕ್ಕೆ ತುರುಕಿದಳು. ಅವನ ಫೋನ್ ಎತ್ತಲಿಲ್ಲ.

ಹಬ್ಬದ ಸಂಜೆ. ತೊಂಡೋದ ಮನೆಯಲ್ಲಿ ಮಿಲಾ ಹಳೇ ಬಟ್ಟೆ ತೊಟ್ಟು, ಸಕ್ಕರೆ ಹಾಕಿ ಬಾಳೆಹಣ್ಣು ಕರಿಯುತ್ತಿದ್ದಳು. ಮರದ ಮೆಟ್ಟಿಲು ಕಿರುಗುಟ್ಟಿತು.

"ಈ ಮೆಟ್ಟಿಲು ಹತ್ತಿಸಿ ನನ್ನ ಕೊಲ್ತೀಯೇನೋ ಹೆಂಡ್ರಿಕ್!"

ಬಾಗಿಲಲ್ಲಿ ಏದುಸಿರು ಬಿಡುತ್ತಾ ಅವನ ಅಜ್ಜಿ! ಹಿಂದೆ ಮೂನ್‌ಕೇಕ್ ಹೊತ್ತ ಅವನ ಅಪ್ಪ ಅಮ್ಮ. ಕೊನೆಯಲ್ಲಿ, ಬೆವರಿ ತೊಪ್ಪೆಯಾಗಿದ್ದ ಅವನು.

ಮಿಲಾಳ ತಾಯಿ ಗಾಬರಿಯಿಂದ ಕುರ್ಚಿ ಎಳೆದರು. ಅಜ್ಜಿ ಕೂತು, ಸುಧಾರಿಸಿಕೊಂಡು ಅಂದರು, "ನಿಮ್ಮಲ್ಲಿ ಗಂಡಿನ ಕಡೆಯವರೇ ಮೆಟ್ಟಿಲು ಹತ್ತಿ ಬಂದು ಹೆಣ್ಣು ಕೇಳಬೇಕಂತೆ. ಹತ್ತಿದೀವಮ್ಮ. ನಮ್ಮ ಹಬ್ಬನ ನೀವು ನಿಮ್ಮದು ಮಾಡ್ಕೊಂಡ್ರಿ. ನಿಮ್ಮ ಪದ್ಧತೀನ ನಾವು ನಡೆಸಬಾರದಾ? ನಿಮ್ಮ ಮಗಳನ್ನ ನಮಗೆ ಕೊಡ್ತೀರಾ?"

ತಾಯಿ ಕಣ್ಣೊರೆಸಿಕೊಂಡು ಮಗಳ ಕಡೆ ನೋಡಿದರು. ಮಿಲಾ ಅಡುಗೆಮನೆಗೆ ಓಡಿದಳು. ಹಿಂದೆಯೇ ಅವನೂ ಬಂದ.

"ಮೊದಲೇ ಹೇಳೋಕೆ ಏನಾಗಿತ್ತು? ಎರಡು ವಾರ ಅತ್ತಿದೀನಿ!"

"ಅಜ್ಜಿ ಒಪ್ಪಿದ್ದೇ ಇವತ್ತು ಬೆಳಿಗ್ಗೆ. ಅದಕ್ಕೆ ಮುಂಚೆ ನಮ್ಮನೇಲಿ ನಿನಗೆ ಯಾರಾದ್ರೂ ಒಂದು ಮಾತು ಅಂದುಬಿಟ್ರೆ... ನನಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ನನ್ನದೇ ತಪ್ಪು, ಮಿಲಾ."

"ಅವರು ಒಪ್ಪದೇ ಇದ್ದಿದ್ರೆ?"

"ನಾನೊಬ್ಬನೇ ಹತ್ತಿ ಬರ್ತಿದ್ದೆ."

ಅವಳು ತನ್ನ ಹಳೇ ಅಂಗಿಯ ತೋಳಿನಿಂದಲೇ ಅವನ ಹಣೆಯ ಬೆವರು ಒರೆಸಿದಳು.

"ಬಂದಿದ್ರೆ... ಆಗಲೂ ಹೂಂ ಅಂತಿದ್ದೆ ಕಣೋ."