ಕಲಾ ಹೇಳಿದ ಕಾರಣ

ಬೂದಿಕೋಟೆಯ ಶಾಲೆಯಲ್ಲಿ ಶನಿವಾರದ ಕೊನೆಯ ಪೀರಿಯಡ್ ಎಂದರೆ ಗಿರಿ ಸಾರ್ ಮಾತಿನಾಟ. ಆತ ಅರ್ಧ ವಾಕ್ಯ ಹೇಳಿ ‘ಯಾಕೆಂದರೆ’ ಎಂದು ನಿಲ್ಲಿಸುತ್ತಿದ್ದ. ಮಕ್ಕಳು ಯೋಚಿಸಿ ಕಾರಣ ಸೇರಿಸಬೇಕು.

“ಬೆಳಿಗ್ಗೆ ಹುಂಜ ಕೂಗಲಿಲ್ಲ, ಯಾಕೆಂದರೆ...”

“ನೆನ್ನೆ ನಮ್ಮಮ್ಮ ಸಾರು ಮಾಡ್ಬುಟ್ಳು ಸಾ!”

ಪಕ್ಕದ ತರಗತಿಯ ಟೀಚರ್ ಸುಮಿತಾ ನಗು ತಡೆಯಲಾರದೆ ಬಾಗಿಲಿಗೆ ಬಂದು ನಿಂತಳು. ಅವಳನ್ನು ಕಂಡದ್ದೇ ಗಿರಿ ಮುಂದಿನ ವಾಕ್ಯಕ್ಕೆ ತಡಕಾಡಿದ.

“ಗಿರಿ ಸಾರ್ ಬೈಕ್ ಬಿಟ್ಟು ಬಸ್ಸಲ್ಲಿ ಬಂದ್ರು, ಯಾಕೆಂದರೆ...”

ನಾಲ್ಕನೇ ತರಗತಿಯ ಕಲಾ ಎದ್ದು ನಿಂತಳು. “ಸುಮಿತಾ ಮಿಸ್ಸೂ ಬಸ್ಸಾಗೇ ಬತ್ತಾರೆ, ಅದ್ಕೇ!”

ಗಿರಿಯ ಕಿವಿ ಕೆಂಪಾಯಿತು. ಏನೂ ಬರೆಯದ ಬೋರ್ಡನ್ನು ಒರೆಸುತ್ತಾ, “ತಪ್ಪು. ಬೈಕ್ ಕೆಟ್ಟಿದೆ, ಅದಕ್ಕೆ” ಎಂದ.

ಸುಮಿತಾ ತನ್ನ ತರಗತಿಗೆ ಮರಳಿದಳು. ಸದ್ಯ, ತಮಾಷೆ ಅಲ್ಲಿಗೇ ಮುಗಿಯಿತು ಎಂದು ನೆಮ್ಮದಿಯಾಗಬೇಕಿತ್ತು. ಆದರೆ ಆ ‘ತಪ್ಪು’ ಎನ್ನುವ ಮಾತು ಎಲ್ಲೋ ಚುಚ್ಚಿತು. ಯಾಕೆ ಚುಚ್ಚಬೇಕು? ಅವಳಿಗೇ ತಿಳಿಯಲಿಲ್ಲ.

ಸೋಮವಾರದಿಂದ ಅವನು ದಿನಾ ಬಸ್ಸಿನಲ್ಲೇ ಬಂದ. ಬಂಗಾರಪೇಟೆಯಲ್ಲಿ ಹತ್ತಿ, ಕಿಟಕಿ ಪಕ್ಕದ ಸೀಟು ಅವಳಿಗೆ ಬಿಟ್ಟು, ಹೊಸ ಹೊಸ ಆಟಗಳ ಬಗ್ಗೆ ಬಾಯಿ ತುಂಬಾ ಮಾತಾಡಿದ. ಮಾತು ನಿಂತಾಗ ಕಿಟಕಿಯ ಗಾಜಿನಲ್ಲಿ ಅವನ ನೋಟ ಇವಳಿಗೆ ಸಿಕ್ಕಿಬೀಳುತ್ತಿತ್ತು. ತಿರುಗಿದರೆ ಅವನು ಟಿಕೆಟ್ ಮಡಚುತ್ತಾ ಕೂತಿರುತ್ತಿದ್ದ. ನೋಡಿದ್ದು ತನ್ನನ್ನೋ, ಹೊರಗಿನ ರಾಗಿ ಹೊಲವನ್ನೋ?

ಗುರುವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಅವಳು ಬಸ್ಸಿನ ಸೀಟಿನಲ್ಲಿ ಕೂತು ನೋಡುತ್ತಿದ್ದಂತೆ, ಗಿರಿ ಕೆಜಿಎಫ್ ಕಡೆಯಿಂದ ಬೈಕ್ ಓಡಿಸಿಕೊಂಡು ಬಂದು ಸ್ಟ್ಯಾಂಡಿಗೆ ಹಾಕಿ, ಬಸ್ಸಿಗೆ ಓಡಿ ಬಂದ. ಬೈಕಿಗೆ ಏನೂ ಆಗಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಖುಷಿಯೂ ಆಯಿತು. ದಿನವಿಡೀ ಮಕ್ಕಳ ಲೆಕ್ಕಗಳಿಗೆಲ್ಲ ತಪ್ಪುತಪ್ಪಾಗಿ ಮಾರ್ಕ್ ಹಾಕಿದಳು.

ಸಂಜೆ ಬಸ್ಸಿನಲ್ಲಿ ಕೇಳಿಯೇಬಿಟ್ಟಳು. “ಬೈಕ್ ಕೆಟ್ಟಿದೆ ಅಂದ್ರಿ. ಬೆಳಿಗ್ಗೆ ಓಡಿಸ್ಕೊಂಡು ಬಂದವರು ಯಾರು ಸಾರ್?”

ಅವನು ಟಿಕೆಟ್ ಮಡಚತೊಡಗಿದ.

“ಭಾನುವಾರ ಬೇತಮಂಗಲದಿಂದ ನನ್ನ ನೋಡೋಕೆ ಬರ್ತಿದಾರೆ. ಅಮ್ಮನಿಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಮಾತಲ್ಲಿ ಯಾವುದು ನಿಜ, ಯಾವುದು ತಮಾಷೆ, ಒಂದೂ ತಿಳೀತಿಲ್ಲ ನಂಗೆ.”

“ಕಲಾ ಹೇಳಿದ್ದೇ ಸರಿ” ಎಂದ ಗಿರಿ ಮೆಲ್ಲಗೆ. “ಅವತ್ತೇ ಒಪ್ಕೋಬೇಕಿತ್ತು. ಮಕ್ಕಳ ಮುಂದೆ ನೀವು ನಕ್ಕುಬಿಟ್ರೆ ಅಂತ ಭಯ ಆಯ್ತು. ನಮ್ಮನೇಲಿ ಮಾತಾಡೋದು ತಮಿಳು. ನಿಮ್ಮಮ್ಮ ಏನಂತಾರೋ ಅಂತ ಅದೊಂದು ಭಯ. ನಂಗೆ ನೀವಂದ್ರೆ ಇಷ್ಟ ಸುಮಿತಾ. ಮದುವೆ ಆಗೋಣ್ವಾ?”

ಅವಳು ಫೋನ್ ತೆಗೆದು ಮನೆಗೆ ಕರೆ ಮಾಡಿದಳು.

“ಅಮ್ಮಾ, ಭಾನುವಾರ ಅವರಿಗೆ ಬರೋದು ಬೇಡ ಅಂತ ಹೇಳ್ಬಿಡು. ನಾನು ಒಬ್ಬರನ್ನ ಒಪ್ಕೊಂಡಿದೀನಿ.”

“ಏನಮ್ಮಿ ಏಳ್ತಿದ್ದೀಯ? ಯಾರದು?” ಅವಳಮ್ಮ ಮುನಿಶಾಮಮ್ಮನ ಗಾಬರಿ ಹಿಂದಿನ ಸೀಟಿಗೂ ಕೇಳಿಸಿತು.

ಸುಮಿತಾ ಫೋನನ್ನು ಅವನ ಕೈಗಿತ್ತಳು. ಗಿರಿ ಗಡಬಡಿಸಿ ಎದ್ದು ನಿಂತ.

“ನಮಸ್ಕಾರ ಅಮ್ಮ. ನಾನು... ಅಂದ್ರೆ, ಶಾಲೆಲಿ... ಗಿರಿ...”

ಅತ್ತ ಕಡೆಯಿಂದ ದನಿ ಬಂತು. “ಈಗ್ಲೇ ಏನೂ ಏಳಾಕಿಲ್ಲ ಕಣಪ್ಪ. ಭಾನುವಾರ ನೀನೇ ಬಾ. ಮೊದ್ಲು ಮಕ ನೋಡಾನ.”

ಫೋನ್ ಕಟ್ಟಾದ ಮೇಲೂ ಅವನು ಅದನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಸುಮಿತಾ ಅವನ ಮಣಿಕಟ್ಟು ಹಿಡಿದು ಕೂರಿಸಿದಳು. ಬಂಗಾರಪೇಟೆ ಬರುವವರೆಗೂ ಆ ಕೈ ಬಿಡಲಿಲ್ಲ.