ಎಲುಬು ಕಡಿಯುವ ಮಹಾರಾಣಿ

ಮಹಾರಾಣಿ ಎಂಬ ಹಸು ಎಲ್ಲಿಂದಲೋ ಎಳೆತಂದ ಎಲುಬನ್ನು ಹಾಲಿನ ಡೇರಿಯ ಮುಂದೆ ನಿಂತು ಕಡಿಯುತ್ತಿತ್ತು.

“ಮೇವೇ ಹಾಕಲ್ವೇನ್ರೀ ಇದಕ್ಕೆ?” ಹೊಸದಾಗಿ ಬಂದ ಪಶುವೈದ್ಯ ಅಷ್ಟು ಜನರ ಮುಂದೆ ಕೇಳಿಬಿಟ್ಟ.

ತಾಯಿ ಸತ್ತ ಕರುವಾಗಿದ್ದಾಗಿನಿಂದ ಅದನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಡತಿಗೆ ಮೈಯೆಲ್ಲ ಉರಿಯಿತು. “ನಮ್ಮ ಕೊಟ್ಟಿಗೆ ಕಡೆ ತಲೆ ಹಾಕಿದ್ರೆ ಸಗಣಿ ನೀರು ಎರಚ್ತೀನಿ, ಡಾಕ್ಟ್ರೇ!”

ಮರುದಿನವೇ ಅವನು ಬಂದ. ಅವಳ ಅಣ್ಣ ಕೊಟ್ಟಿಗೆ ಬಾಗಿಲಲ್ಲೇ ತಡೆದ. “ಹುಚ್ಚು ಹಸು ಮನೇಲಿ ಬೇಡ. ಮಾರೋಕೆ ದಲ್ಲಾಳಿಗೆ ಹೇಳಾಯ್ತು.”

“ಹುಚ್ಚಲ್ಲ. ಮೈಯಲ್ಲಿ ರಂಜಕ ಕಮ್ಮಿಯಾಗಿದೆ, ಫಾಸ್ಫರಸ್ಸು. ನಿಮ್ಮ ಒಣಹುಲ್ಲಲ್ಲಿ ಅದು ಸಾಲಲ್ಲ. ಅದಕ್ಕೇ ಎಲುಬು ಹುಡುಕುತ್ತೆ. ಒಂದು ತಿಂಗಳು ಟೈಮ್ ಕೊಡಿ.” ಅಣ್ಣ ಗೊಣಗುತ್ತಲೇ ಒಪ್ಪಿದ. ವೈದ್ಯ ಅವಳತ್ತ ತಿರುಗಿದ. “ನೀವು ಹೊಟ್ಟೆ ತುಂಬಾನೇ ಹಾಕಿದ್ದೀರಿ. ನಿನ್ನೆ ಆಡಿದ್ದು ನನ್ನ ತಪ್ಪು.”

“ಅವಮಾನ ಡೇರೀಲಿ, ಕ್ಷಮಾಪಣೆ ಕೊಟ್ಟಿಗೇಲಿ! ಚೆನ್ನಾಗಿದೆ ನ್ಯಾಯ!”

ಅವನು ತಂದ ಖನಿಜ ಮಿಶ್ರಣವನ್ನು ಮಹಾರಾಣಿ ಮೂಸಿ ಮುಖ ತಿರುಗಿಸಿತು. “ನೋಡಿ, ಅದಕ್ಕೂ ನೀವು ಬೇಡ!” ಎಂದಳು.

ಅವನು ಬೂಸಾದಲ್ಲಿ ಬೆಲ್ಲ ಕಲಸಿ, ಪುಡಿ ಬೆರೆಸಿ, ಅಂಗೈಯಲ್ಲಿಟ್ಟು ತಿನ್ನಿಸಿದ. ದಿನವೂ ಬಂದ. ದಿನವೂ ಬೈಸಿಕೊಂಡ. ಹೋಗುವ ಮುನ್ನ, ಅವಳು ಹಾಲು ಕರೆಯಲು ಕೂರುವ ಒದ್ದೆ ನೆಲಕ್ಕೆ ಒಣ ಗೋಣಿ ಹಾಸುತ್ತಿದ್ದ. ಅದನ್ನು ಕಂಡೂ ಕಾಣದವಳಂತೆ ಅವಳು ಇನ್ನಷ್ಟು ಬೈಯುತ್ತಿದ್ದಳು. ಅವನು ತಡವಾಗಿ ಬಂದ ದಿನ ಮಾತ್ರ ಬೈಗುಳದ ಮೊದಲು ಒಂದು ಲೋಟ ನೀರು ಕೊಟ್ಟಳು.

ಮಹಾರಾಣಿ ಎಲುಬು ಮರೆಯುತ್ತ ಬಂತು. ಆದರೂ ತಿಂಗಳು ತುಂಬುವ ಮೊದಲೇ ದಲ್ಲಾಳಿಯ ಗಾಡಿ ಅಂಗಳಕ್ಕೆ ಬಂದು ನಿಂತಿತು. ಅಣ್ಣ ಹಗ್ಗ ಬಿಚ್ಚಿದ. ವೈದ್ಯ ಅಡ್ಡ ನಿಂತ.

“ನಮ್ಮನೆ ಹಸು ವಿಷಯಕ್ಕೆ ಬರೋಕೆ ನೀನ್ಯಾರಯ್ಯ?” ಅಣ್ಣ ಗುಡುಗಿದ.

ಅವಳು ಮುಂದೆ ಬಂದು ಅಣ್ಣನ ಕೈಯಿಂದ ಹಗ್ಗ ಕಿತ್ತುಕೊಂಡಳು.

“ನಾನು ಜೀವನಪೂರ್ತಿ ಯಾರ ಜೊತೆ ಜಗಳ ಆಡ್ಬೇಕು ಅಂದ್ಕೊಂಡಿದ್ದೀನೋ, ಆ ಮನುಷ್ಯ ಇವರು. ಸಾಕಾ ಅಣ್ಣಾ?”

ದಲ್ಲಾಳಿ ನಗು ಅದುಮಿಕೊಂಡು ಗಾಡಿ ತಿರುಗಿಸಿದ.

“ಇದು... ನನಗೂ ಈಗಲೇ ಗೊತ್ತಾಗಿದ್ದು,” ವೈದ್ಯ ತೊದಲಿದ.

“ನಿಮ್ಮನ್ನ ಯಾರು ಕೇಳಿದ್ರು?” ಅವಳು ಹಗ್ಗದ ತುದಿಯನ್ನು ಅವನ ಕೈಗೆ ತುರುಕಿದಳು. “ಗಟ್ಟಿಯಾಗಿ ಹಿಡ್ಕೊಳ್ಳಿ.”