ಕಾಳಜಿಯ ಪಾಲು

ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯದ ಹಿಂದಿನ ಕೋಣೆಯಲ್ಲಿ ಪತ್ತುವಿಭಾಜಕ ಗುರುಗುಟ್ಟುತ್ತಿತ್ತು. ನೋಡಲು ಹಿಟ್ಟಿನ ಗಿರಣಿಯಂತಿದ್ದ ಯಂತ್ರ. ಮೇಲಿನ ಬಾಯಿಗೆ ಗಂಡ ಹೆಂಡತಿಯ ಬಳೆಗಳನ್ನು ಹಾಕಿದರೆ, ಕೂಡಿ ಬಾಳಿದ ಕಾಲದ ಪತ್ತನ್ನು, ಅಂದರೆ ಸಾಲ ಪಡೆಯುವ ಯೋಗ್ಯತೆಯನ್ನು, ಬೇರೆ ಬೇರೆ ಮಾಡಿ ಕೆಳಗಿನ ಎರಡು ಬಾಯಿಗಳಿಂದ ಹೊರಗೆ ಬಿಡುತ್ತಿತ್ತು. ಸದ್ದು ಕೇಳುತ್ತ ಕುಳಿತ ಸುವರ್ಣಾ, ಇದು ನಿಜವಾದ ಗಿರಣಿಯಾಗಿದ್ದರೆ ಹಿಟ್ಟು ತರಿಯಾಗಿಯೇ ಬೀಳುತ್ತಿತ್ತು ಎಂದುಕೊಂಡಳು.

ಆ ಕಾಲಕ್ಕೆ ಬ್ಯಾಂಕುಗಳು ಕಾಗದ ಕೇಳುವುದನ್ನು ಬಿಟ್ಟಿದ್ದವು. ಸಾಲ ಬೇಕಾದ ಪ್ರತಿಯೊಬ್ಬರ ಕೈಯಲ್ಲೂ ಒಂದು ಪತ್ತಿನಬಳೆ. ಆಡಿದ ಮಾತಿನಂತೆ ಕಂತು ಕಟ್ಟುವವರ ಬಳೆಯಲ್ಲಿ ಹಸಿರು ದೀಪ, ತಡಮಾಡುವವರದು ಹಳದಿ, ಕೈಯೆತ್ತಿದವರದು ಕೆಂಪು. ಮದುವೆ ನೋಂದಣಿಯ ದಿನ ಎರಡೂ ಬಳೆಗಳನ್ನು ಬೆಸೆದು ಜೋಡಿಪತ್ತು ಮಾಡುತ್ತಿದ್ದರು. ಪೇಢೆ ಹಂಚುವುದರೊಳಗೆ ಆ ಕೆಲಸ ಮುಗಿಯುತ್ತಿತ್ತು. ಬಿಡಿಸುವುದು ಹೇಗೆಂದು ಮಾತ್ರ ಬಹಳ ವರ್ಷ ಯಾರೂ ಯೋಚಿಸಿರಲಿಲ್ಲ.

ಸುವರ್ಣಾಳಿಗೆ ಇದರ ಬಿಸಿ ತಟ್ಟಿದ್ದು ಗಂಗಾಧರ ಮನೆ ಬಿಟ್ಟುಹೋದ ಮೇಲೆ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿ ಸಹಿ ಹಾಕಿದ ವಾರವೇ ಆತ ಜೋಡಿಪತ್ತಿನ ಮೇಲೆ ಹಾರುಬಂಡಿಯೊಂದನ್ನು ಕೊಂಡ. ಮೊದಲ ಕಂತು ಮರೆತ, ಎರಡನೆಯದನ್ನೂ ಮರೆತ. ಜೋಡಿಪತ್ತಾದ್ದರಿಂದ ಇವಳ ಕೈಯಲ್ಲೂ ದೀಪ ಹಳದಿಯಾಯಿತು. ಬಂಡಿಯ ಸಾಲವನ್ನು ಗಂಡನೇ ತೀರಿಸತಕ್ಕದ್ದು ಎಂದು ನ್ಯಾಯಾಧೀಶರು ಆದೇಶ ಮಾಡಿದರು. ಆದೇಶ ಗಂಡನಿಗೆ ಮುಟ್ಟಿತು, ಬಳೆಗೆ ಮುಟ್ಟಲಿಲ್ಲ. ಸಾಲ ಕೊಡುವವರು ನೋಡುವುದು ದೀಪವನ್ನೇ ಹೊರತು ತೀರ್ಪನ್ನಲ್ಲ. ಅದೇ ಹೊತ್ತಿಗೆ ಅವಳ ರೊಟ್ಟಿ ಖಾನಾವಳಿಯ ಕಟ್ಟಡ ಮಾರಾಟಕ್ಕೆ ಬಂದಿತ್ತು. ತಿಂಗಳೊಳಗೆ ಹಸಿರು ದೀಪ ತೋರಿಸಿ ಸಾಲ ತಂದರೆ ಕಟ್ಟಡ ಅವಳದು. ಇಲ್ಲವಾದರೆ ಒಲೆ, ಹಂಚು, ರೊಟ್ಟಿ ಬಡಿಯುವ ಹೆಂಗಸರು, ಎಲ್ಲರೂ ಬೀದಿಗೆ.

“ಇದು ಹೆಂಗ ಪಾಲು ಮಾಡ್ತದ್ರಿ?” ಎಂದು ಯಂತ್ರದತ್ತ ನೋಡುತ್ತ ಕೇಳಿದಳು.

ಯಂತ್ರ ಕಂಡುಹಿಡಿದ ಡಾ. ಪ್ರಹ್ಲಾದ ಕಟ್ಟಿ ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದವರು. “ಭಾಳ ಸರಳ ಅದ ನೋಡ್ರಿ. ರೊಕ್ಕ ಯಾರ ಕಿಸೆದಿಂದ ಹೋತು ಅಂತ ನಾ ನೋಡೂದಿಲ್ಲ. ಕಂತಿನ ದಿನ ಹತ್ರ ಬಂತಂದ್ರ ಜವಾಬ್ದಾರಿ ಇದ್ದವರ ನಾಡಿಯೊಳಗ ಒಂದು ಅಲೆ ಏಳ್ತದ. ಕಾಳಜಿಯಲೆ ಅಂತ ಅದರ ಹೆಸರು. ಬಳೆ ಅದನ್ನ ಹಿಡದಿಟ್ಟಿರ್ತದ. ಯಾರು ಎಷ್ಟು ಕಾಳಜಿ ಮಾಡ್ಯಾರೋ ಅವರಿಗೆ ಅಷ್ಟು ಪತ್ತು.”

ಸುವರ್ಣಾಳ ಎದೆ ಹಗುರಾಯಿತು. ಹನ್ನೊಂದು ವರ್ಷ ತಲೆದಿಂಬಿಗೂ ಹೇಳದ ಚಿಂತೆಯನ್ನು ಕೊನೆಗೂ ಯಾರೋ ತಕ್ಕಡಿಗೆ ಹಾಕುತ್ತಿದ್ದಾರೆ.

“ನೀ ಒಂದಿನಾನಾದ್ರೂ ಚಿಂತಿ ಮಾಡೀಯೇನು?” ಎಂದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಗಂಗಾಧರನತ್ತ ತಿರುಗಿದಳು.

“ನೀ ಮಾಡಾಕತ್ತಿದ್ಯಲ್ಲ. ಒಂದು ಮನಿಗೆ ಎಷ್ಟ ಮಂದಿ ಚಿಂತಿ ಮಾಡ್ಬೇಕು?” ಎಂದ ಆತ, ತುಂಬ ಪ್ರಾಮಾಣಿಕವಾಗಿ.

ಯಂತ್ರ ಎರಡು ಸಲ ಕೆಮ್ಮಿ ನಿಂತಿತು. ಬಳೆಗಳು ಹೊರಬಂದವು. ಗಂಗಾಧರನದು ಕೆಂಪು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಸುವರ್ಣಾಳದೂ ಕೆಂಪು.

“ಬಾಯಾರ, ನಿಮ್ಮ ಕಾಳಜಿ ಭಾಳ ಕಡಿಮಿ ಅದ,” ಎಂದರು ಕಟ್ಟಿ, ಸಂಕೋಚದಿಂದ. ಯಂತ್ರದ ಪರದೆಯನ್ನು ಮತ್ತೆ ನೋಡಿ ಹುಬ್ಬು ಗಂಟಿಕ್ಕಿದರು. “ತಡೀರಿ. ಅಲೆ ಭರ್ತಿ ಅದಾವ. ಆದರ ನಿಮ್ಮ ನಾಡಿ ಅಲ್ಲ. ನಿಮ್ಮ ಬಳೆ ಬ್ಯಾರೆ ಯಾರೋ ಹಾಕ್ಕೊಂಡಿದ್ರು.”

ಸುವರ್ಣಾ ಹಣೆ ಹಿಡಿದು ಕುಳಿತಳು. ಕುದಿಯುವ ಎಸರಿನಲ್ಲಿ ಜೋಳದ ಹಿಟ್ಟು ನಾದುವವರು ಬಳೆ ಹಾಕಿಕೊಂಡಿರಲಾದೀತೇ? ದಿನ ಬೆಳಗಾದರೆ ಅದನ್ನು ಬಿಚ್ಚಿಡುತ್ತಿದ್ದಳು. “ಬಳೆ ನೆಲದ ಮ್ಯಾಲೆ ಇಡಬಾರದವ್ವಾ,” ಎಂದು ಅತ್ತೆ ಪಾರವ್ವ ಎತ್ತಿ ತನ್ನ ಕೈಗೆ ಏರಿಸಿಕೊಳ್ಳುತ್ತಿದ್ದಳು. ಗಂಡ ತೀರಿಹೋದ ಮೇಲೆ ಬರಿದಾಗಿದ್ದ ಆ ಕೈಗೆ ಅದು ಚೆನ್ನಾಗಿಯೂ ಕಾಣುತ್ತಿತ್ತು. ಸುವರ್ಣಾ ಚಿಂತೆ ಮಾಡುತ್ತಿದ್ದದ್ದು ರೊಟ್ಟಿ ಬಡಿಯುವಾಗಲೇ. ಆಗ ಕೈಗೆ ಕೆಲಸ, ಮನಸ್ಸಿಗೆ ಬಿಡುವು. ತಿಂಗಳ ಕೊನೆಗೆ ನಿಮ್ಮ ರೊಟ್ಟಿ ಬಲು ತೆಳ್ಳಗೆ ಬರುತ್ತವೆ ಎಂದು ಗಿರಾಕಿಗಳು ಹೊಗಳಿದ್ದುಂಟು. ಆ ಕಾಳಜಿಯನ್ನೆಲ್ಲ ಊರ ಮಂದಿ ಎಣ್ಣೆಗಾಯಿಯ ಜೊತೆ ತಿಂದು ಮುಗಿಸಿದ್ದರು.

ಹೊರಗೆ ಬೆಂಚಿನ ಮೇಲೆ ಬುತ್ತಿಗಂಟು ಹಿಡಿದು ಕುಳಿತಿದ್ದ ಪಾರವ್ವನನ್ನು ಒಳಗೆ ಕರೆಸಿದರು. ಇಬ್ಬರಿಗೂ ಸೇರದೆ ಯಂತ್ರದೊಳಗೇ ಉಳಿದಿದ್ದ ಮೂರನೆಯ ಪಾಲನ್ನು ಹೊಸ ಬಳೆಗೆ ತುಂಬಿ ಅವಳ ಕೈಗೆ ತೊಡಿಸಿದರು. ಹಸಿರು ದೀಪ ಹೊತ್ತಿದ ರಭಸಕ್ಕೆ ಕಟ್ಟಿಯವರು ಕಣ್ಣಿಗೆ ಕೈ ಅಡ್ಡ ಹಿಡಿದರು.

“ಅಜ್ಜಿ, ನಿಮಗ ಕಂತಿನ ತಾರೀಖು ಗೊತ್ತಿತ್ತೇನು?”

“ಕಂತು ಗಿಂತು ನಂಗೇನು ಗೊತ್ತಪ್ಪಾ. ತಿಂಗಳ ಕೊನಿ ಬಂತಂದ್ರ ಈಕಿ ಒಂದ ರೊಟ್ಟಿ ಉಣ್ತಿದ್ಲು. ನಾಲ್ಕು ದಿನ ಬಿಟ್ಟು ಮತ್ತ ಮೂರು. ಆ ನಾಲ್ಕು ದಿನ ನನ್ನ ಜೀವಕ್ಕ ಸಮಾಧಾನ ಇರ್ತಿರ್ಲಿಲ್ಲ.”

ಅತ್ತೆ ತನ್ನ ತಟ್ಟೆಯ ರೊಟ್ಟಿ ಎಣಿಸುತ್ತಾಳೆ ಎಂದು ಸುವರ್ಣಾ ಹನ್ನೊಂದು ವರ್ಷ ಒಳಗೊಳಗೇ ಕುದಿದಿದ್ದಳು. ಎಣಿಸಿದ್ದೇನೋ ನಿಜ. ಸುವರ್ಣಾ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ನೆರೆಮನೆಯಿಂದ ಮೊಸರಿನ ಹೆಪ್ಪು ಬಿಟ್ಟರೆ ಬೇರೇನೂ ಕಡ ತಂದು ಗೊತ್ತಿಲ್ಲದ ಪಾರವ್ವ ಹೀಗೆ ಊರಿಗೇ ದೊಡ್ಡ ಪತ್ತಿನ ಹೆಂಗಸಾದಳು. ನಿಯಮದ ಪ್ರಕಾರ ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿರಲಿಲ್ಲ.

“ಜಾಮೀನು ನಿಲ್ಲಾಕ ಬರ್ತದೋ ಇಲ್ಲೋ?” ಎಂದು ಪಾರವ್ವ ಕಟ್ಟಿಯವರನ್ನು ಕೇಳಿದಳು.

“ಬರ್ತದ್ರಿ.”

“ಹಂಗಾರ ನಡಿ ಸುವರ್ಣಿ, ಬ್ಯಾಂಕಿಗೆ.”

“ಅತ್ತಿ, ನಾ ಇನ್ನ ನಿಮ್ಮ ಸೊಸಿ ಅಲ್ರಿ.”

“ಅವಂಗ ನೀ ಹೆಂಡ್ತಿ ಅಲ್ಲ. ನನ್ನ ಯಾರರ ಕೇಳ್ಯಾರೇನು?”

ಡಾ. ಕಟ್ಟಿ ಆ ಸಂಜೆ ಮನೆಗೆ ಹೋದವರೇ, ನಮ್ಮ ಕಂತು ಯಾವ ತಾರೀಖಿಗೆ ಎಂದು ಹೆಂಡತಿಯನ್ನು ಕೇಳಿದರಂತೆ.

ಯಂತ್ರ ನಾಡಿನ ತುಂಬ ಹರಡಿತು. ಅಕ್ಕಂದಿರು, ಅತ್ತೆಯರು, ಅಡಿಗೆಯವರು, ಎಲ್ಲೆಲ್ಲೋ ಹಸಿರು ದೀಪಗಳು ಹೊತ್ತಿದವು. ಕಟ್ಟಿಯವರು ಎಣಿಸದಿದ್ದ ಒಂದು ಸಂಗತಿ ಆಮೇಲೆ ನಡೆಯಿತು. ಬ್ಯಾಂಕುಗಳು ಸಾಲ ಪಡೆದವರನ್ನು ಹುಡುಕುವುದನ್ನೇ ಬಿಟ್ಟವು. ಯಾರ ಬಳೆಯಲ್ಲಿ ಕಾಳಜಿಯಲೆ ಏಳುತ್ತದೆಯೋ ಅವರಿಗೇ ಕರೆ ಮಾಡತೊಡಗಿದವು. ಕೊಡುವವರು ಅವರೇ ಎಂಬುದು ಬ್ಯಾಂಕಿಗೆ ಅರ್ಥವಾಗಿತ್ತು.

ಖಾನಾವಳಿ ಸುವರ್ಣಾಳದಾಗಿ, ಸರಿಯಾಗಿ ಕಟ್ಟಿದ ಕಂತುಗಳಿಂದ ಅವಳ ದೀಪವೂ ಮೆಲ್ಲಗೆ ಹಸಿರಿಗೆ ತಿರುಗುತ್ತಿದ್ದ ಕಾಲಕ್ಕೆ ಒಂದು ಮಧ್ಯಾಹ್ನ ಗಂಗಾಧರ ಬಂದ. ಗಲ್ಲಾಪೆಟ್ಟಿಗೆಯ ಮುಂದೆ ಪಾರವ್ವ ಕುಳಿತಿದ್ದಳು.

“ಯವ್ವಾ, ಹಾರುಬಂಡಿ ಜಪ್ತಿ ಮಾಡ್ತಾರಂತ. ನಿನ್ನ ಬಳೆ ಒಂದೀಟು ತೋರಿಸಿ ಬರೂಣು ಬಾ.”

ಪಾರವ್ವ ತಲೆಯ ಮೇಲಿನ ಹಲಗೆಯತ್ತ ಬೆರಳು ತೋರಿಸಿದಳು. ಇಂದು ನಗದು, ನಾಳೆ ಉದ್ರಿ. “ನಾಳೆ ಬಾರೋ ಮಗನ. ಈಗ ಕೂಡು, ಉಣ್ಣು.”

ಅವನು ಕುಳಿತ. ಒಂದು ರೊಟ್ಟಿ ತಿಂದು ತಟ್ಟೆ ಸರಿಸಿದ.

ಪಾರವ್ವ ತಟ್ಟೆ ನೋಡಿದಳು, ಮಗನ ಮುಖ ನೋಡಿದಳು. ಕಾಳಜಿಯಲೆ ಎದ್ದು ಅವಳ ಕೈಯ ಬಳೆ ಸಣ್ಣಗೆ ಮಿಣುಕತೊಡಗಿತು. ಇನ್ನು ಬ್ಯಾಂಕಿನ ಕರೆ ಬರುವುದೊಂದೇ ಬಾಕಿ. ಒಳಗಿನಿಂದ ಅದನ್ನು ಕಂಡ ಸುವರ್ಣಾ ಅರ್ಧ ಬಡಿದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿಬಂದು, ಅತ್ತೆಯ ಕೈಯಿಂದ ಬಳೆ ಎಳೆದು ನೆಲದ ಮೇಲೆ ಇಟ್ಟಳು.

“ಅಯ್ಯ, ನೆಲದ ಮ್ಯಾಲೆ ಇಡಬಾರದು,” ಎಂದಳು ಪಾರವ್ವ.

“ಇರ್ಲಿ ಬಿಡ್ರಿ ಅತ್ತಿ,” ಎಂದಳು ಸುವರ್ಣಾ. “ಈಗ ಎಷ್ಟ ಬೇಕಾರ ಚಿಂತಿ ಮಾಡ್ರಿ.”